ಅರ್ಧ ಗಂಟೆ ಮೊದಲು ಉಣ್ಣುವವನು

ಒಬ್ಬೊಬ್ಬರಿಗೆ ಒಂದೊಂದು ಭಯ ಇರುತ್ತದೆ. ನನ್ನ ಮಗಳು ಹಲ್ಲಿಗೆ ಹೆದರುತ್ತಾಳೆ, ಮಗ ಗಣಿತಕ್ಕೆ, ಹೆಂಡತಿ ಶನಿವಾರದ ಬಸ್ಸು ತಪ್ಪುವುದಕ್ಕೆ. ನಾನು ಮುಚ್ಚಳ ಹಾಕಿದ ಸ್ಟೀಲ್ ಡಬ್ಬಿಗೆ ಹೆದರುತ್ತೇನೆ. ಹಲ್ಲಿ ಕಡೇಪಕ್ಷ ಗೋಡೆಯ ಮೇಲೆ ಹಲ್ಲಿಯಂತೆಯೇ ಕಾಣುತ್ತದೆ. ಫ್ರಿಜ್ಜಿನಲ್ಲಿ ತಣ್ಣಗೆ ಕೂತ ಡಬ್ಬಿಯೊಳಗಿನ ಹೆಸರುಕಾಳು ಪಲ್ಯ ಇನ್ನೂ ಪಲ್ಯವಾಗಿಯೇ ಉಳಿದಿದೆಯೋ, ಒಳಗೊಳಗೇ ಬೇರೇನಾದರೂ ಆಗಿದೆಯೋ, ಮುಚ್ಚಳ ತೆಗೆದು ಮೂಸಿದರೂ ಗೊತ್ತಾಗುವುದಿಲ್ಲ.

ಈ ಭಯ ನನಗೆ ನೌಕರಿಯಿಂದ ಅಂಟಿದ್ದು. ಸೂರಗೊಂಡನಕೊಪ್ಪದ ಕಡೆಯ ಒಂದು ಸಣ್ಣ ಊರಿನ ಶಾಲೆಯಲ್ಲಿ ನಾನು ಮೇಷ್ಟ್ರು. ಬಿಸಿಯೂಟವನ್ನು ಮಕ್ಕಳಿಗೆ ಬಡಿಸುವ ಅರ್ಧ ಗಂಟೆ ಮೊದಲು ಮೇಷ್ಟ್ರೊಬ್ಬರು ಉಂಡು ನೋಡಬೇಕು, ಉಂಡೆನೆಂದು ಪುಸ್ತಕದಲ್ಲಿ ಸಹಿ ಹಾಕಬೇಕು. ಉಳಿದ ಮೇಷ್ಟ್ರುಗಳಿಗೆ ಸಕ್ಕರೆ ಕಾಯಿಲೆ, ಸೋಮವಾರದ ಉಪವಾಸ, ಗ್ಯಾಸ್ಟ್ರಿಕ್ಕು ಹೀಗೆ ಏನೇನೋ ಇದ್ದವು. ನನಗೆ ಏನೂ ಇರಲಿಲ್ಲವಾದ್ದರಿಂದ ಕೆಲಸ ನನಗೆ ಬಂತು. ಎಂಟು ವರ್ಷವಾಯಿತೋ ಒಂಬತ್ತೋ, ದಿನಾ ಮಧ್ಯಾಹ್ನ ಒಂದು ಸೌಟು ಅನ್ನ-ಸಾರು ಉಂಡು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಗಡಿಯಾರ ನೋಡುತ್ತ ಕೂರುತ್ತೇನೆ. ಅಡುಗೆಯ ಹಾಲಮ್ಮನಿಗೆ ಇದು ಸುತರಾಂ ಹಿಡಿಸದು. "ಏನ್ ಸಾರ್, ಹಿಂಗೆ ಮುಖ ಮಾಡ್ಕಂಡು ಉಂಡ್ರೆ ಹುಡುಗ್ರು ತಟ್ಟೆ ಹಿಡಿಯಾಕೆ ಬರ್ತಾವಾ? ನಾನೇನು ಅದ್ರಾಗೆ ಇಲಿ ಪಾಷಾಣ ಕಲಸೀನಾ?" ಎನ್ನುತ್ತಾಳೆ. ಇಲ್ಲ ಹಾಲಮ್ಮ, ಎನ್ನುತ್ತೇನೆ. ಆದರೆ ಇನ್ನೂ ಇಪ್ಪತ್ತು ನಿಮಿಷ ಬಾಕಿ ಇರುತ್ತದೆ.

ಮನೆ ಇರುವುದು ನ್ಯಾಮತಿಯಲ್ಲಿ. ಹೆಂಡತಿ ಸುಧಾಗೆ ಜಗಳೂರಿನ ಕಚೇರಿಯೊಂದರಲ್ಲಿ ಗುಮಾಸ್ತೆ ಕೆಲಸ. ಶನಿವಾರ ಬರುತ್ತಾಳೆ, ವಾರಕ್ಕಾಗುವಷ್ಟು ಮಾಡಿ ಡಬ್ಬಿಗಳಿಗೆ ತುಂಬಿ, ಸೋಮವಾರ ಬೆಳಗಿನ ಬಸ್ಸು ಹತ್ತುತ್ತಾಳೆ. ಆಮೇಲೆ ಆ ಡಬ್ಬಿಗಳು, ಪಿಯುಸಿ ಓದುವ ಮಗಳು ಕಾವ್ಯ, ಒಂಬತ್ತನೇ ಕ್ಲಾಸಿನ ಚೇತು, ಎಲ್ಲ ನನ್ನ ಪಾಲಿಗೆ. ಡಬ್ಬಿಗಳಾದರೂ ಇಟ್ಟಲ್ಲಿ ಇರುತ್ತವೆ. ಚೇತು ಈರುಳ್ಳಿಯನ್ನು ಒಂದೊಂದಾಗಿ ಹೆಕ್ಕಿ ತಟ್ಟೆಯ ಅಂಚಿನಲ್ಲಿ ಸಾಲಾಗಿ ನಿಲ್ಲಿಸುತ್ತಾನೆ. ಕಾವ್ಯ ನಾಲ್ಕು ತುತ್ತಿಗೆ "ಸಾಕು" ಎಂದು ಏಳುತ್ತಾಳೆ. ಅದೇ ಇಬ್ಬರೂ ಬಸ್‌ಸ್ಟ್ಯಾಂಡಿನ ಹತ್ತಿರ ಬಾಣಲೆಯಿಂದ ಆಗಷ್ಟೇ ಎತ್ತಿದ ಮಿರ್ಚಿಯನ್ನು ಮಂಡಕ್ಕಿಯ ಜೊತೆ ಬಾಯಿ ಸುಟ್ಟುಕೊಂಡು ತಿನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹೋದ ತಿಂಗಳು ಕಾವ್ಯ ಕಾಲೇಜಿನ ಪ್ರಾರ್ಥನೆಯಲ್ಲಿ ತಲೆಸುತ್ತಿ ಬಿದ್ದಳು. ಅವಳನ್ನು ಕೇಳಿದರೆ ಬಿದ್ದಿಲ್ಲ, ಕೂತೆ ಅಷ್ಟೇ ಎನ್ನುತ್ತಾಳೆ. ನಾನು ಅಲ್ಲಿರಲಿಲ್ಲ, ಆದರೂ ಅವಳು ಬಿದ್ದ ಸದ್ದು ನನಗೆ ನೆನಪಿದೆ. ಡಾಕ್ಟರು ರಕ್ತ ಕಡಿಮೆಯಿದೆ, ಹೊಟ್ಟೆ ತುಂಬ ಉಣ್ಣಲಿ ಎಂದರು. ಅಂದಿನಿಂದ ನನ್ನ ಭಯ ಎರಡಾಯಿತು. ಉಂಡರೆ ಏನಾಗುವುದೋ ಎಂಬುದು ಒಂದು, ಉಣ್ಣದಿದ್ದರೆ ಏನಾಗುವುದೋ ಎಂಬುದು ಇನ್ನೊಂದು.

ಇಂಥ ಬರಹದಲ್ಲಿ ಅವ್ವನ ಕಾಲವನ್ನು ನೆನೆಯುವುದು ವಾಡಿಕೆ. ನಮ್ಮೂರು ಉಬ್ರಾಣಿಯಲ್ಲಿ ಅವ್ವನಿಗೆ ಫ್ರಿಜ್ಜಿರಲಿಲ್ಲ. ಉಳಿದ ಸಾರನ್ನು ಕುದಿಸಿ ನೆಲುವಿನಲ್ಲಿ ತೂಗುಹಾಕುತ್ತಿದ್ದಳು, ನಮಗ್ಯಾರಿಗೂ ಏನೂ ಆಗಲಿಲ್ಲ ಎಂದು ಬರೆಯಲು ಹೊರಟೆ. ಬರೆಯುವಷ್ಟರಲ್ಲಿ ಚೊಂಬುಗಳು ನೆನಪಾದವು. ಆಗುತ್ತಿತ್ತು. ಮನೆಮಂದಿಯೆಲ್ಲ ಸರದಿಯ ಮೇಲೆ ಚೊಂಬು ಹಿಡಿದು ಬೇಲಿಯತ್ತ ಓಡಿದ ದಿನಗಳಿದ್ದವು. ಅದನ್ನು ನಾವು ಬಿಸಿಲಿನ ತಲೆಗೆ ಕಟ್ಟಿ, ಸಾರನ್ನು ನಿರಪರಾಧಿ ಮಾಡಿದೆವು.

ಮೊನ್ನೆ ಮಂಗಳವಾರ ಸಂಜೆ ಐದಕ್ಕೆ ಮನೆಗೆ ಬಂದೆ. ಬುಧವಾರವಿದ್ದರೂ ಇದ್ದೀತು. ಬಾಗಿಲಲ್ಲೇ ಚೇತು, "ಅಪ್ಪಾ, ಕರೆಂಟ್ ಈಗ ಬಂತು" ಎಂದ. ಹೋದದ್ದು ಎಷ್ಟು ಹೊತ್ತಿಗೆ? ಪಕ್ಕದ ಮನೆಯ ಶಾಂತಕ್ಕ ಬೆಳಿಗ್ಗೆ ಹತ್ತಕ್ಕೆ ಎಂದರು. ಎದುರಿನ ಅಂಗಡಿಯವರು, "ಎಲ್ಲಿ ಸಾರ್, ಎರಡಕ್ಕೆ ಹೋಗಿದ್ದು, ನಾನು ಫ್ಯಾನ್ ಕೆಳಗೆ ಉಂಡೀನಿ" ಎಂದರು. ಫ್ರಿಜ್ಜು ಮಾತ್ರ ಏನೂ ನಡೆದೇ ಇಲ್ಲವೆಂಬಂತೆ ಗುಂಯ್‌ಗುಟ್ಟುತ್ತಿತ್ತು. ಒಳಗೆ ಕೋಳಿ ಸಾರಿನ ಡಬ್ಬಿ. ಮುಟ್ಟಿದೆ. ತಣ್ಣಗಿತ್ತು, ಸಾಕಷ್ಟು ತಣ್ಣಗಿತ್ತೇ? ಸುಧಾಗೆ ಫೋನು ಮಾಡಿದೆ.

"ಕೋಳಿ ಸಾರು ಮಾಡಿದ್ದು ಭಾನುವಾರ ತಾನೇ?"

"ಶನಿವಾರ ಸಂಜೆ ಅಲ್ವೇನ್ರೀ? ನೀವೇ ಕೊತ್ತಂಬರಿ ಬಿಡಿಸಿಕೊಟ್ರಿ."

ಕೊತ್ತಂಬರಿ ನನಗೂ ನೆನಪಿದೆ. ಭಾನುವಾರ ಬೆಳಿಗ್ಗೆ, ಅಡುಗೆಮನೆಯ ಕಿಟಕಿಯಿಂದ ಎಳೆ ಬಿಸಿಲು ಸೊಪ್ಪಿನ ಮೇಲೆ ಬೀಳುತ್ತಿತ್ತು. ಹಾಗೆಂದು ವಾದಿಸುತ್ತ ತಲೆಯೆತ್ತಿದೆ. ನಮ್ಮ ಅಡುಗೆಮನೆಗೆ ಮೂಡಣ ದಿಕ್ಕಿನಲ್ಲಿ ಕಿಟಕಿಯೇ ಇಲ್ಲ.

ಇನ್ನು ಉಳಿದದ್ದು ಮನೆಯಲ್ಲೂ ದಿನಾ ನಡೆಸುವ ನನ್ನ ವೃತ್ತಿ. ಸಾರನ್ನು ಕುದಿಸಿ, ಒಂದು ತುಂಡು ತಿಂದು, ಡಬ್ಬಿಯನ್ನು ಎದುರಿಗಿಟ್ಟುಕೊಂಡು ಕೂತೆ. "ಅರ್ಧ ಗಂಟೆ ತಡೀರಿ. ನನಗೇನೂ ಆಗದಿದ್ರೆ ನೀವು ಉಣ್ಣಿ." ಏಳನೇ ನಿಮಿಷಕ್ಕೆ ಹೊಟ್ಟೆ ಗುಳುಗುಳು ಎಂದಿತು. ಹತ್ತನೇ ನಿಮಿಷಕ್ಕೆ ಹಣೆ ಬೆವರಿತು. "ಅಪ್ಪಾ, ನಿನ್ನ ಮುಖ ಬೆಳ್ಳಗಾಗೈತೆ" ಎಂದು ಚೇತು ಖುಷಿಯಿಂದ ವರದಿ ಕೊಟ್ಟ. ಪುಸ್ತಕದಿಂದ ಕಣ್ಣು ಕೀಳದೆ ಕಾವ್ಯ ಕೇಳಿದಳು.

"ಅಪ್ಪಾ, ಅರ್ಧ ಗಂಟೇಲಿ ಏನು ಗೊತ್ತಾಗ್ತೈತೆ?"

"ಕೆಟ್ಟಿದ್ರೆ ಗೊತ್ತಾಗ್ತೈತೆ."

"ಕೆಟ್ಟಿದ್ ಊಟ ಬಹಳ ಸಲ ಆರು ಗಂಟೆ ಆದ್ಮೇಲೆ ತೋರಿಸ್ತೈತೆ, ಕೆಲವು ಸಲ ಒಂದು ದಿನ. ಅರ್ಧ ಗಂಟೇಲಿ ನಿನ್ ಭಯ ಅಷ್ಟೇ ಗೊತ್ತಾಗೋದು."

ಶಾಲೆಯ ಅಷ್ಟು ಮಧ್ಯಾಹ್ನಗಳು ಕಣ್ಣ ಮುಂದೆ ಬಂದವು. ಸಹಿ ಹಾಕಿ ನಾನು ನಿರಾಳವಾಗುತ್ತಿದ್ದ ಹೊತ್ತಿಗೆ ನಿಜವಾಗಿ ಹೆದರುವ ಹೊತ್ತು ಇನ್ನೂ ಶುರುವೇ ಆಗಿರಲಿಲ್ಲ. ಆ ಮಕ್ಕಳನ್ನೆಲ್ಲ ಕಾಪಾಡಿದ್ದು ಹಾಲಮ್ಮನ ತೊಳೆದ ಕೈ, ಕುದಿಯುವ ಹಂಡೆ. ಹೊಟ್ಟೆಯ ಮೇಲೆ ಕೈಯಿಟ್ಟು ಕೂತ ನಾನಲ್ಲ.

"ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ನಮ್ಮನ್ನ ಆರು ಗಂಟೆ ಕಾಯಿಸ್ತಿದ್ದೆ" ಎಂದ ಚೇತು. "ಅರ್ಧ ಗಂಟೆಗೇ ಅನ್ನ ಕಲ್ಲಾಗ್ತೈತೆ. ಅಮ್ಮ ಇದ್ದಾಗ ಬಿಸಿ ಸಿಗ್ತೈತೆ. ನೀನು ಇದ್ರೆ ದಿನಾ ಆರಿದ್ದು. ಯಾರು ತಿಂತಾರೆ ಅದನ್ನ?"

ನಾಲ್ಕು ತುತ್ತಿಗೆ ಏಳುವುದು, ಈರುಳ್ಳಿ ಸಾಲು ನಿಲ್ಲಿಸುವುದು, ಇವನ್ನೆಲ್ಲ ನಾನು ವಯಸ್ಸಿನ ಕೊಬ್ಬು ಎಂದು ಸುಧಾಗೆ ವರದಿ ಮಾಡಿದ್ದೆ. ಮಗಳ ರಕ್ತ ಕಡಿಮೆಯಾದದ್ದರಲ್ಲಿ ನನ್ನ ಗಡಿಯಾರದ ಪಾಲೆಷ್ಟು ಎಂದು ಕೇಳುವ ಧೈರ್ಯ ಬರಲಿಲ್ಲ. ಎದ್ದು ಕೋಳಿ ಸಾರನ್ನು ಚೆಲ್ಲಿದೆ. ಅನ್ನಕ್ಕಿಟ್ಟೆ, ನಾಲ್ಕು ಮೊಟ್ಟೆ ಒಡೆದು ಈರುಳ್ಳಿ ಹಾಕಿ ಹುರಿದೆ. ಒಲೆಯಿಂದ ಇಳಿಸಿದ್ದೇ, ರುಚಿ ನೋಡದೆ ನೇರ ತಟ್ಟೆಗೆ ಹಾಕಿದೆ. ಇಬ್ಬರೂ ಊದಿಕೊಂಡು ಊದಿಕೊಂಡು ಉಂಡರು. ಕಾವ್ಯ ಎರಡನೇ ಸಲ ಅನ್ನ ಹಾಕಿಸಿಕೊಂಡಳು. ಚೇತುವಿನ ತಟ್ಟೆಯ ಅಂಚು ಖಾಲಿಯಿತ್ತು.

ನಾನೂ ಬಡಿಸಿಕೊಂಡು ಕೂತಿದ್ದೆ. ಆದರೆ ಮೊದಲು ಕಾವ್ಯಳ ಮುಖ ನೋಡಬೇಕಿತ್ತು, ಆಮೇಲೆ ಚೇತುವಿನದು, ಆಮೇಲೆ ಮತ್ತೆ ಕಾವ್ಯಳದು. ನನ್ನ ಹೊಟ್ಟೆಯೊಳಗಿನ ಆ ಒಂದು ತುಂಡು ಕೋಳಿಗೆ ಇನ್ನೂ ಐದು ಗಂಟೆಗೂ ಹೆಚ್ಚು ವಾಯಿದೆ ಇತ್ತು, ಅದರ ಕಡೆಗೂ ಗಮನ ಕೊಡಬೇಕಿತ್ತು. ಅವರು ಕೈ ತೊಳೆದು ಬಂದಾಗ ನನ್ನ ತಟ್ಟೆ ಹಾಗೇ ಇತ್ತು.

"ಯಾಕಪ್ಪಾ, ಉಣ್ಲಿಲ್ಲ?" ಎಂದಳು ಕಾವ್ಯ.

ಒಂದು ತುತ್ತು ಬಾಯಿಗಿಟ್ಟೆ. ಅನ್ನ ತಣ್ಣಗೆ ಗಟ್ಟಿಯಾಗಿತ್ತು. ನಾಲ್ಕು ಈರುಳ್ಳಿ ಚೂರನ್ನು ಅಂಚಿಗೆ ಸರಿಸಿ, "ಸಾಕು" ಎಂದು ಎದ್ದೆ.