ವಿಭೂತಿ ಹಚ್ಚಿಕೊಂಡ ಡ್ರೋನು

ದಣಿವು ಕೆಲಸ ಮಾಡಿದ ಮೇಲೆ ಬರುತ್ತದೆ ಎನ್ನುವವರು ನನ್ನನ್ನು ನೋಡಿಲ್ಲ. ನನಗೆ ಅದು ಕೆಲಸಕ್ಕೆ ಮೊದಲೇ ಬಂದು ಕೂತಿರುತ್ತದೆ. ಬೆಳಗ್ಗೆ ಎದ್ದು, ಇವತ್ತೂ ಅಂಗಡಿಯ ಬಾಗಿಲು ಎತ್ತಬೇಕಲ್ಲ ಎಂದು ನೆನೆದರೆ ಸಾಕು, ಎತ್ತಿ ಮುಗಿಸಿದಷ್ಟೇ ಸುಸ್ತಾಗುತ್ತದೆ. ರಾಯದುರ್ಗದ ಬಜಾರಿನಲ್ಲಿ ನನ್ನದೊಂದು ಬಟ್ಟೆ ಅಂಗಡಿ. ಗಿರಾಕಿಗಳು ಮೇಲಿನ ಸಾಲಿನ ಸೀರೆ ತೋರಿಸಿ ಎಂದರೆ, ಅದು ಬೇಡಮ್ಮ, ಈ ಕೈಗೆ ಸಿಗುವ ಸಾಲಿನದೇ ನಿಮಗೆ ಒಪ್ಪುತ್ತದೆ ಎಂದು ನಂಬಿಸುವುದರಲ್ಲಿ ನನ್ನನ್ನು ಮೀರಿಸುವವರು ಊರಲ್ಲಿಲ್ಲ. ಇಂಥವನು ಅರವತ್ತರ ಹತ್ತಿರ ಬಂದು ಡ್ರೋನು ಹಾರಿಸಲು ಹೊರಟನೆಂದರೆ ಅದಕ್ಕೆ ಉತ್ಸಾಹ ಕಾರಣವಿರಲಾರದು ಎಂದು ನೀವು ಊಹಿಸಿರಬಹುದು. ಊಹೆ ಸರಿಯಾಗಿದೆ.

ಕಾರಣ ನನ್ನ ಹೆಂಡತಿ ಗೌರಮ್ಮ ಮತ್ತು ಬೆಟ್ಟದ ಅರ್ಧದಲ್ಲಿರುವ ಒಬ್ಬ ಬಸವಣ್ಣ. ಮೆಟ್ಟಿಲ ದಾರಿ ಬಿಟ್ಟು ಎಡಕ್ಕೆ ಬಂಡೆಗಳ ಸಂದಿಯಲ್ಲಿ ನುಸುಳಿದರೆ ನಾಲ್ಕು ಕಂಬದ ಒಂದು ಪುಟ್ಟ ಮಂಟಪ, ಅದರೊಳಗೆ ಮೂತಿ ಸವೆದ ಬಸವಣ್ಣ. ನಮ್ಮವ್ವ ಸೋಮವಾರ ಸೋಮವಾರ ಅಲ್ಲಿಗೆ ಹೋಗಿ ಕಸ ಗುಡಿಸಿ ದೀಪ ಹಚ್ಚಿ ಬರುತ್ತಿದ್ದಳು. ಅವಳು ಹೋದ ಮೇಲೆ ಆ ಕೆಲಸ ಗೌರಮ್ಮನಿಗೆ ಬಂತು. ಮಗನಾದ ನನಗೇಕೆ ಬರಲಿಲ್ಲ ಎಂದು ಯಾರೂ ಕೇಳಲಿಲ್ಲ, ನಾನಂತೂ ಕೇಳಲಿಲ್ಲ. ಮೂರು ವರ್ಷದ ಹಿಂದೆ ಗೌರಮ್ಮನ ಮೊಣಕಾಲು ಕೈಕೊಟ್ಟವು. ಬೆಟ್ಟ ಹತ್ತುವುದಿರಲಿ, ನೆಲದ ಮೇಲೆ ಕೂರುವುದೂ ಬೇಡ ಎಂದರು ಬಳ್ಳಾರಿಯ ಡಾಕ್ಟರು. ಅಂದಿನಿಂದ ಪ್ರತಿ ಸೋಮವಾರ ಅವಳು ಮಾಳಿಗೆಯ ಮೇಲೆ ನಿಂತು ಬೆಟ್ಟದ ಕಡೆ ನೋಡುತ್ತಾಳೆ. "ರೀ, ಒಮ್ಮೆ ಹೋಗಿ ನೋಡಿ ಬರ್ರಿ. ಕಂಬ ನಿಂತಾವೋ ಬಿದ್ದಾವೋ. ದೀಪ ಇಲ್ದ ಕುಂತಾನೋ ಏನೋ" ಎನ್ನುತ್ತಾಳೆ. ನಾನು "ಮುಂದಿನ ವಾರ" ಎನ್ನುತ್ತಿದ್ದೆ. ಬಿಸಿಲಿದ್ದಾಗ ಬಿಸಿಲು ಅಡ್ಡ ಬರುತ್ತಿತ್ತು, ಬಿಸಿಲಿಲ್ಲದಾಗ ಮದುವೆ ಸೀಸನ್ನಿನ ವ್ಯಾಪಾರ ಅಡ್ಡ ಬರುತ್ತಿತ್ತು.

ಹೀಗಿರುವಾಗ ಡಿ. ಹಿರೇಹಾಳಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಫೋಟೋದವನು ಚಪ್ಪರದಡಿ ನಿಂತಲ್ಲೇ ನಿಂತು, ಒಂದು ಡ್ರೋನನ್ನು ಮೇಲಕ್ಕೆ ಕಳಿಸಿ ಇಡೀ ಊರನ್ನು ಫೋನಿನಲ್ಲಿ ತೋರಿಸಿದ. ನಿಂತಲ್ಲೇ ನಿಂತು ಎನ್ನುವುದು ನನ್ನ ಮನಸ್ಸಿಗೆ ಬಹಳ ಹಿಡಿಸಿತು. ನಾನು ಬೆಟ್ಟಕ್ಕೆ ಹೋಗುವ ಬದಲು ಇದೇ ಹೋದರಾಯಿತಲ್ಲ. ಮರುವಾರವೇ ಬಳ್ಳಾರಿಗೆ ಹೋಗಿ ಇನ್ನೂರೈವತ್ತು ಗ್ರಾಮಿನೊಳಗಿನ ಚಿಕ್ಕದೊಂದನ್ನು ತಂದೆ. ಅದಕ್ಕಿಂತ ಭಾರದ್ದಾದರೆ ನೋಂದಣಿ, ನಂಬರು, ಕಾಗದ ಪತ್ರ ಎಂದು ಅಂಗಡಿಯವನು ಹೇಳತೊಡಗಿದ. ಅವನ ಮಾತು ಮುಗಿಯುವುದರೊಳಗೆ ನಾನು ಕುರ್ಚಿ ಹುಡುಕಿ ಕೂತಿದ್ದೆ.

ನಮ್ಮ ಮನೆಗೆ ಸ್ಕೂಟರು ಬರಲಿ, ಮಿಕ್ಸಿ ಬರಲಿ, ಮೊದಲು ವಿಭೂತಿ, ಆಮೇಲೆ ಸ್ವಿಚ್ಚು. ಗೌರಮ್ಮ ಡ್ರೋನನ್ನು ದೇವರ ಮುಂದಿಟ್ಟು, "ಇದರ ಮಾರಿ ಯಾವ ಕಡಿ ಐತ್ರಿ?" ಎಂದು ಕೇಳಿದಳು. ಕ್ಯಾಮೆರಾ ಮುಂದಿದೆ, ನೆಲ ನೋಡುವ ಕಣ್ಣುಗಳು ಹೊಟ್ಟೆಯ ಕೆಳಗಿವೆ ಎಂದೆ. ಯಾವ ಕಣ್ಣಿಗೂ ಬೇಜಾರಾಗದಿರಲಿ ಎಂದು ಎಲ್ಲದರ ಮೇಲೂ ಮೂರು ಬೆರಳಿನಿಂದ ದಪ್ಪಗೆ ವಿಭೂತಿ ಎಳೆದಳು. ಹೊಟ್ಟೆಗೆ ನಿಂಬೆಹಣ್ಣು, ಹಸಿಮೆಣಸಿನಕಾಯಿ ಪೋಣಿಸಿದ ದಾರ ಕಟ್ಟಿದಳು. ಜೊತೆಗೆ ಬಂದ ಪುಸ್ತಕದ ಮೊದಲ ಸಾಲು, ಹಾರಿಸುವ ಮೊದಲು ಎಲ್ಲವನ್ನೂ ಓದಿ ಎಂದಿತ್ತು. ನಾನು ಆ ಸಾಲನ್ನು ಓದಿ ಪುಸ್ತಕ ಮುಚ್ಚಿದ್ದೆ. ಅದರೊಳಗೆ ನಿಂಬೆಹಣ್ಣಿನ ಬಗ್ಗೆ ಏನು ಬರೆದಿದ್ದರೋ ನನಗೆ ಗೊತ್ತಿರಲಿಲ್ಲ.

ಮಾಳಿಗೆಯಿಂದಲೇ ಹಾರಿಸಿದೆ. ಬಯಲಿಗೆ ಹೋಗಬೇಕಾದರೆ ಮೆಟ್ಟಿಲಿಳಿಯಬೇಕಾಗಿತ್ತು. ಫೋನು ಇಂಗ್ಲಿಷಿನಲ್ಲಿ ಉಪಗ್ರಹ ಸಿಕ್ಕಿಲ್ಲ ಎಂದಿತು, ಕಣ್ಣು ಒರೆಸಿ ಎಂದಿತು, ಏನೇನೋ ಅಂದಿತು. ನಾನು ಎಲ್ಲದಕ್ಕೂ ಓಕೆ ಒತ್ತಿದೆ. ಡ್ರೋನು ಎದ್ದಿತು, ಕುಡಿದವರಂತೆ ಎಡಕ್ಕೆ ವಾಲಿತು, ಪಕ್ಕದ ಹೊನ್ನೂರಪ್ಪನ ಮಾಳಿಗೆಯ ಕಡೆ ತಾನಾಗಿಯೇ ಹೊರಟಿತು. ಹೊನ್ನೂರಪ್ಪ ಜೀನ್ಸ್ ಹೊಲಿಸುವವನು. ಅವನ ಹೆಂಡತಿ ಒಗೆದ ಪ್ಯಾಂಟುಗಳನ್ನು ಹಗ್ಗಕ್ಕೆ ಹರವುತ್ತಿದ್ದಳು. ದಾರ ರೆಕ್ಕೆಗೆ ಸಿಕ್ಕಿತು, ಮೆಣಸಿನಕಾಯಿ ಚೂರುಚೂರಾಯಿತು, ಡ್ರೋನು ಒಂದು ಪ್ಯಾಂಟಿನೊಳಗೆ ಬಿತ್ತು.

ಸ್ವಲ್ಪ ಹೊತ್ತಿಗೆ ಹೊನ್ನೂರಪ್ಪ ಅದನ್ನು ಎರಡು ಬೆರಳಲ್ಲಿ ಹಿಡಿದು ಬಂದ. "ಅಣ್ಣಾ, ಇದು ನಿಮ್ದೇನ್ರಿ? ನಮ್ಮಾಕಿ ತಲಿ ಮ್ಯಾಲ ನಿಂಬಿಹಣ್ಣು, ಮೆಣಸಿನಕಾಯಿ ಆಕಾಶದಿಂದ ಬಿದ್ದಾವ. ಯಾರೋ ಮಾಟ ಮಾಡಿಸ್ಯಾರ ಅಂತ ಊಟ ಬಿಟ್ಟು ಕುಂತಾಳ" ಎಂದ. ಗೌರಮ್ಮ ಆ ನೋಯುವ ಕಾಲಿನಲ್ಲೇ ಹೋಗಿ ಅವಳನ್ನು ಸಮಾಧಾನ ಮಾಡಿ ಬಂದಳು. ಬಂದವಳು ನನ್ನ ಮುಂದೆ ನಿಂತು, "ಆ ರೆಕ್ಕಿ ಆಕಿ ಕಣ್ಣಿಗೆ ಬಡದಿದ್ರ ಏನ್ ಮಾಡ್ತಿದ್ರಿ? ಆ ಪುಸ್ತಕ ತಗೀರಿ. ಪೂರ್ತಿ ಓದ್ರಿ, ನಾ ಕೇಳ್ತೀನಿ" ಎಂದಳು.

ಎರಡು ಸಂಜೆ ಓದಿದೆ. ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳುವ ಹೊತ್ತಿಗೆ ನನ್ನ ಗಂಟಲು ಒಣಗಿತು. ಅವಳಿಗೆ ಮಾತ್ರ ಅದು ಹಬ್ಬದ ತಯಾರಿಯಷ್ಟು ಸಲೀಸಾಗಿ ತಲೆಗೆ ಹತ್ತಿತು. ತಿಳಿಯದ್ದನ್ನು ಪರಊರಿನಲ್ಲಿರುವ ಮಗಳಿಗೆ ಫೋನು ಮಾಡಿ ಕೇಳಿದಳು. ಬ್ಯಾಟರಿ ಪೂರ್ತಿ ತುಂಬಿರಬೇಕು, ರೆಕ್ಕೆ ಬಿಗಿಯಾಗಿರಬೇಕು, ಗಾಳಿ ಇರಬಾರದು, ತಲೆಗಳ ಮೇಲೆ ಹಾರಿಸಬಾರದು, ಕಣ್ಣಳತೆ ದಾಟಿಸಬಾರದು. ಹಳೆಯ ನೂಲಿನ ಸೀರೆ ಹರಿದು ಡ್ರೋನಿನ ಕಣ್ಣುಗಳನ್ನು ತಾನೇ ಒರೆಸಿದಳು. ಈ ಸಲ ವಿಭೂತಿಯನ್ನು ಅದರ ನೆತ್ತಿಗೆ ಒಂದೇ ಒಂದು ತೆಳು ಎಳೆ ಎಳೆದಳು. ಪೊಲೀಸ್ ಸ್ಟೇಷನ್ನಿನಲ್ಲೂ ಒಂದು ಮಾತು ಹೇಳಿ ಬನ್ನಿ ಎಂದು ಕಳಿಸಿದಳು. "ಪೆಳ್ಳಿ ಷೂಟಿಂಗಾ ಅನ್ನಾ?" ಎಂದು ತೆಲುಗಿನಲ್ಲಿ ಕೇಳಿದರು ಅಲ್ಲಿನ ಕಾನ್‌ಸ್ಟೇಬಲ್. ಮದುವೆಯಲ್ಲ, ಬಸವಣ್ಣ ಎಂದೆ. ಅವರು ನನ್ನನ್ನು ಒಂದು ಸಲ, ಫೋನಿನ ನಕ್ಷೆಯನ್ನು ಎರಡು ಸಲ ನೋಡಿ, ಬೆಟ್ಟದ ಮೇಲಿನ ಕೋಟೆಯ ಕಡೆ ಹೋಗಬೇಡಿ, ಜನರ ಮೇಲೆ ಬೇಡ ಎಂದು ಹೇಳಿ ಬಿಟ್ಟರು.

ಸೋಮವಾರ ಬೆಳಗ್ಗೆ ಆಟೋದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಬೆಟ್ಟದ ಬುಡದ ಬಯಲಿಗೆ ಹೋದೆವು. ಗೌರಮ್ಮ ಕುರ್ಚಿಯಲ್ಲಿ ಕೂತು ಫೋನಿನಲ್ಲಿ ಉಪಗ್ರಹ ಎಷ್ಟು ಸಿಕ್ಕವು ಎಂದು ಎಣಿಸಿದಳು. ಸಾಕಷ್ಟು ಸಿಗುವವರೆಗೂ ನನ್ನ ಬೆರಳು ಅಲ್ಲಾಡಲು ಬಿಡಲಿಲ್ಲ. ಮೊದಲು ಆಳೆತ್ತರಕ್ಕೆ ಏರಿಸಿ ನಿಲ್ಲಿಸಿ ನೋಡಿದೆವು. ಅದು ಅಲುಗದೆ ನಿಂತಿತು. "ನೀವು ಅದರ ಮ್ಯಾಲಿನ ಕಣ್ಣು ತಗೀಬ್ಯಾಡ್ರಿ, ಫೋನು ನಾ ನೋಡ್ತೀನಿ" ಎಂದು ನನ್ನ ಕೈಯ ಮೇಲೆ ಬಗ್ಗಿದಳು. ಬಂಡೆ, ಮತ್ತೊಂದು ಬಂಡೆ, ಸ್ವಲ್ಪ ಎಡಕ್ಕೆ, ಇನ್ನೂ ಮ್ಯಾಲೆ ಎಂದು ಹೇಳುತ್ತ ಹೋದವಳು ಇದ್ದಕ್ಕಿದ್ದಂತೆ ಫೋನಿಗೆ ಮುಖ ಹತ್ತಿರ ತಂದಳು. ಕಂಬ ಬಿದ್ದಿರಬೇಕು ಎಂದುಕೊಂಡೆ.

"ನಿಂತಾವ್ರಿ, ನಾಲ್ಕೂ ಕಂಬ ನಿಂತಾವ" ಎಂದಳು ಮೆಲ್ಲಗೆ. ನಾನೂ ಒಂದು ಕ್ಷಣ ಇಣುಕಿದೆ. ಮಂಟಪದ ಮುಂದಿನ ಕಲ್ಲು ಹಾಸು ಗುಡಿಸಿ ಸ್ವಚ್ಛವಾಗಿತ್ತು. ಅದರ ಮೇಲೆ ಬೆಳ್ಳಗೆ ರಂಗೋಲಿ, ನಡುವೆ ಚೆಂಡುಹೂವು. "ಯಾರೋ ಬರ್ತಾರ. ದೀಪ ಇಲ್ದ ಕುಂತಿಲ್ಲ ಅವ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮತ್ತೆ ಬಗ್ಗಿ ನೋಡಿ, "ರಂಗೋಲಿ ಮಾತ್ರ ಸೊಟ್ಟ ಐತಿ" ಎಂದಳು. ಅಷ್ಟರಲ್ಲಿ ಬ್ಯಾಟರಿ ಅರ್ಧಕ್ಕಿಳಿದಿತ್ತು. ಇನ್ನೊಂದು ನಿಮಿಷ ಎಂದವನು ನಾನು. ಈಗಲೇ ಇಳಿಸಿ ಎಂದವಳು ಅವಳು.

ಡ್ರೋನನ್ನು ಡಬ್ಬಿಗೆ ಹಾಕುತ್ತ ನಾನು ಒಂದಿಷ್ಟು ಹೊಗಳಿಕೆಗಾಗಿ ಕಾದೆ. ಬಳ್ಳಾರಿಗೆ ಹೋಗಿದ್ದೆ, ಪುಸ್ತಕ ಓದಿದ್ದೆ, ಸ್ಟೇಷನ್ ಮೆಟ್ಟಿಲು ಹತ್ತಿದ್ದೆ. ಗೌರಮ್ಮ ಬೆಟ್ಟದ ಕಡೆಯೇ ನೋಡುತ್ತ, "ಇಲ್ಲಿಂದ ಅಲ್ಲಿಗೆ ಹತ್ತಾಕ ಎಷ್ಟು ಹೊತ್ತು ಬೇಕು ಗೊತ್ತೇನ್ರಿ?" ಎಂದಳು. ಗೊತ್ತಿಲ್ಲ ಎಂದೆ.

"ಅರ್ಧ ತಾಸು" ಎಂದಳು. "ಮೊಣಕಾಲು ನೋಯಾಕ ಹತ್ತಿದ ಮ್ಯಾಲ ನನಗ ಮುಕ್ಕಾಲು ತಾಸು ಹಿಡೀತಿತ್ತು."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಮೂರು ವರ್ಷದಲ್ಲಿ ಅರ್ಧ ತಾಸು ನನ್ನಲ್ಲಿರಲಿಲ್ಲ. ನನ್ನ ಎರಡು ಕಾಲೂ ಗಟ್ಟಿಯಾಗಿವೆ, ಯಾವ ಡಾಕ್ಟರೂ ನನಗೆ ಏನನ್ನೂ ಬೇಡ ಎಂದಿಲ್ಲ. ಯಾರೋ ಹೆಸರು ಗೊತ್ತಿಲ್ಲದವರು ಹತ್ತಿ ಹೋಗಿ ನಮ್ಮವ್ವನ ಬಸವಣ್ಣನಿಗೆ ಹೂವಿಟ್ಟು ಬಂದಿದ್ದಾರೆ, ನಾನು ಯಂತ್ರ ತರಲು ಬಳ್ಳಾರಿಗೆ ಹೋಗಿದ್ದೇನೆ.

"ಮುಂದಿನ ಸೋಮವಾರ ನೀವು ಹತ್ರಿ" ಎಂದಳು ಗೌರಮ್ಮ ಆಟೋ ಏರುತ್ತ. "ಆ ರಂಗೋಲಿ ಹಾಕೋರು ಯಾರು ಕೇಳ್ಕೊಂಡು, ಚುಕ್ಕಿ ಹೆಂಗ ಇಡಬೇಕು ಹೇಳಿ ಬರ್ರಿ. ನಾ ಇಲ್ಲಿ ಕುಂತು ಇದನ್ನ ಹಾರಸ್ತೀನಿ. ನಿಮ್ಮ ತಲಿ ಮ್ಯಾಲ ತರಂಗಿಲ್ಲ, ಪುಸ್ತಕದಾಗ ಬ್ಯಾಡ ಅಂದಾರ. ಒಂದಿಷ್ಟು ದೂರ ನಿಲ್ಲಿಸಿ, ಎಲ್ಲೆಲ್ಲಿ ಕುಂದರ್ತೀರಿ ನೋಡ್ತೀನಿ."

ನಾನು ಹತ್ತುವುದರೊಳಗೆ ಬ್ಯಾಟರಿ ಮುಗಿದುಹೋಗುತ್ತದಲ್ಲ ಎಂದೆ, ಆದಷ್ಟು ಸಹಜವಾಗಿ.

"ಹೌದ್ರಿ" ಎಂದಳು. "ಅದಕ್ಕ ಮಗಳಿಗೆ ಹೇಳಿ ಇನ್ನೆರಡು ಬ್ಯಾಟರಿ ತರಿಸೀನಿ."