ಮುಂದಿನ ಸಸ್ಪೆನ್ಷನ್

ನನ್ನ ಹಳೆಯ ಡೈರಿಯಲ್ಲಿ ಜೂನ್ ಹದಿನಾಲ್ಕರ ಪುಟದಲ್ಲಿ ಹೀಗಿದೆ: "ಕಾರು ಇವತ್ತಿನಿಂದ ನನ್ನ ಹೆಸರಿಗೆ. ಹಲಸೂರಿನಿಂದ ಕೆ.ಆರ್. ಪುರದವರೆಗೆ ನಾನೇ ಓಡಿಸಿದೆ. ಮಾವನವರು ಹಿಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡಿದ್ದರು. ಕೇಳಿದರೆ ನಿದ್ದೆ ಬಂತು ಎಂದರು."

ಅವರಿಗೆ ಹಗಲಲ್ಲಿ ನಿದ್ದೆ ಬಂದದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ನಮ್ಮ ಮನೆತನದಲ್ಲಿ ಬಿ.ಎಸ್ಸಿ. ಮಾಡಿದ ಮೊದಲ ಹೆಣ್ಣು ನಾನು, ಸ್ಟೀರಿಂಗ್ ಹಿಡಿದ ಮೊದಲ ಹೆಣ್ಣೂ ನಾನೇ. ಈ ಅಂಬಾಸಿಡರ್ ನನ್ನದು, ಓಡಿಸುವವಳೂ ನಾನು ಎಂದು ಹೇಳಿದಾಗಲೆಲ್ಲ ಎದುರಿಗಿದ್ದವರು ಏನಾದರೊಂದು ತಮಾಷೆ ಮಾಡಿಯೇ ತೀರುತ್ತಿದ್ದರು. ಅಂದು ಶುರುವಾದದ್ದು ಇನ್ನೂ ನಿಂತಿಲ್ಲ.

ಭುಜದ ನೋವು ಬಂದ ಮೇಲೆ, ಸದಾ ಎಡಕ್ಕೆ ಎಳೆಯುವ ಆ ಭಾರದ ಸ್ಟೀರಿಂಗ್ ತಿರುಗಿಸಲಾಗದೆ ಕಾರು ಶೆಡ್ಡಿನಲ್ಲಿ ನಿಂತಿತ್ತು. ಸರ್ಕಾರಿ ನಿಗಮವೊಂದರಲ್ಲಿ ಇಂಜಿನಿಯರ್ ಆಗಿರುವ ನನ್ನ ಮಗನಿಗೆ ಅದನ್ನು ಕಸ್ಟಮ್ ಕಾರು ಮಾಡುವ ಹುಚ್ಚು ಹತ್ತಿತು. ಅಗಲದ ಚಕ್ರ, ಪವರ್ ಸ್ಟೀರಿಂಗ್, ಹೊಸ ಬಣ್ಣ. ಅದಕ್ಕೆ ಮೊದಲು ಮುಂದಿನ ಸಸ್ಪೆನ್ಷನ್, ಅಂದರೆ ಮುಂದಿನ ಎರಡು ಚಕ್ರಗಳನ್ನು ಹಿಡಿದಿರುವ ಇಡೀ ಚೌಕಟ್ಟನ್ನೇ ಬಿಚ್ಚಿ ಬೇರೆ ಗಾಡಿಯದನ್ನು ಕೂಡಿಸಬೇಕು. ನಾನು ಹಾಕಿದ್ದು ಒಂದೇ ಷರತ್ತು: "ಮುಗಿದ ಮೇಲೆ ನಾನೇ ಓಡಿಸ್ಬೇಕು."

"ಇದೆಲ್ಲ ಮಾಡಿಸ್ತಿರೋದೇ ನಿನಗೋಸ್ಕರ ಅಮ್ಮ" ಎಂದ.

೧. ಯಾರ ಕಾರು

ಶಿವಾಜಿನಗರದ ಗ್ಯಾರೇಜಿನ ಮೇಸ್ತ್ರಿ ಕಾರಿನಡಿ ನುಗ್ಗಿ ಹೊರಬಂದು ಕೈ ಒರೆಸಿಕೊಂಡ.

"ಕಿಂಗ್‌ಪಿನ್ ಎರಡೂ ಸವೆದಿದೆಯಾ?" ಎಂದು ನಾನು ಕೇಳಿದೆ.

"ಸಾರ್, ಕಿಂಗ್‌ಪಿನ್ ಎರಡೂ ಹೋಗಿದೆ" ಎಂದು ನನ್ನ ಮಗನಿಗೆ ಹೇಳಿದ.

"ಹಳೇದನ್ನೇ ರಿಪೇರಿ ಮಾಡಿದ್ರೆ?" ಎಂದೆ.

"ಸಾರ್, ಹಳೇದು ರಿಪೇರಿ ಮಾಡಿದ್ರೆ ಆರು ತಿಂಗಳಿಗೆ ಮತ್ತೆ ನನ್ ಹತ್ರಾನೇ ಬರ್ತೀರ. ಗುಜರಿಯಲ್ಲಿ ವ್ಯಾನಿಂದು ಫ್ರಂಟ್ ಸಿಗುತ್ತೆ. ಇಲ್ಲಾಂದ್ರೆ ಇಂದಿರಾನಗರಕ್ಕೆ ಹೋಗಿ, ಗಾಳಿದು ಹಾಕಿಸ್ಕೊಳಿ."

ಕಿಂಗ್‌ಪಿನ್ ಅಂದರೆ ಮುಂದಿನ ಚಕ್ರ ಹೊರಳುವ ಕೀಲು ಎನ್ನುವ ಬದಲು ಹೆಂಗಸರು ಜಡೆಗೆ ಸಿಕ್ಕಿಸುವ ಪಿನ್ನು ಎಂದರೂ ನಂಬುವ ನನ್ನ ಮಗ ಗಂಭೀರವಾಗಿ ತಲೆ ಆಡಿಸುತ್ತಿದ್ದ. ನನಗೆ ತಡೆಯಲಾಗಲಿಲ್ಲ.

"ನೋಡಪ್ಪಾ, ಕಾರು ನನ್ನದು. ಓಡಿಸೋಳು ನಾನು. ದುಡ್ಡು ಕೊಡೋಳೂ ನಾನೇ."

ಮೇಸ್ತ್ರಿ ಆಗ ಮೊದಲ ಸಲ ನನ್ನ ಕಡೆ ನೋಡಿದ. "ಅರೇ, ಅಮ್ಮಾ, ನಿಂತಿದ್ದೀರಲ್ಲ!" ಎಂದು ತಾನೇ ಓಡಿಹೋಗಿ ಕುರ್ಚಿ ತಂದ, ತನ್ನ ಅಂಗಿಯಿಂದಲೇ ಒರೆಸಿದ, ಫ್ಯಾನನ್ನು ನನ್ನ ಕಡೆಗೆ ತಿರುಗಿಸಿದ. ನಾನು ಕೂತ ಮೇಲೆ ಮಗನ ಕಿವಿಯ ಹತ್ತಿರ ಬಗ್ಗಿ ಕೇಳಿದ:

"ಸಾರ್, ಅಮ್ಮ ಎಷ್ಟರ ತನಕ ಕೊಡ್ತಾರಂತೆ?"

೨. ಸಾಷ್ಟಾಂಗ

ಇಂದಿರಾನಗರದ ಅಂಗಡಿಯಲ್ಲಿ ಗ್ರೀಸಿನ ವಾಸನೆ ಇರಲಿಲ್ಲ, ಕಾಫಿಯ ವಾಸನೆ ಇತ್ತು. ಅಲ್ಲಿನ ಹುಡುಗ ನನ್ನನ್ನು ಆಂಟಿ ಎಂದ. ನನ್ನ ವಯಸ್ಸಿಗೆ ಅದೂ ಒಂದು ರಿಯಾಯಿತಿ.

"ಆಂಟಿ, ಇದು ಏರ್ ಸಸ್ಪೆನ್ಷನ್. ಸ್ಪ್ರಿಂಗೇ ಇಲ್ಲ, ಬರೀ ಗಾಳಿ. ರಿಮೋಟ್ ಒತ್ತಿದ್ರೆ ಕಾರು ನಮಸ್ಕಾರ ಮಾಡುತ್ತೆ."

"ನಮಸ್ಕಾರ ಮನೆಯವರು ಮಾಡಿದ್ರೆ ಸಾಕಪ್ಪ. ಕಾರು ಗುಂಡಿ ದಾಟಿದ್ರೆ ಆಯ್ತು."

ಅವನು ಬಿಡಲಿಲ್ಲ. ಗಿರಾಕಿ ಯಾರದೋ ಕೆಂಪು ಕಾರು ರಸ್ತೆಗೆ ಅಡ್ಡವಾಗಿ ನಿಂತಿತ್ತು, ಅದರ ಕಡೆ ರಿಮೋಟ್ ಹಿಡಿದು ಒತ್ತಿದ. ಅದು ಉಸ್ಸೆಂದು ಉಸಿರು ಬಿಟ್ಟು ಮೂತಿಯನ್ನು ನೆಲಕ್ಕೆ ಹಚ್ಚಿತು.

"ಚೆನ್ನಾಗಿದೆ. ಈಗ ಏಳಿಸು."

ಒತ್ತಿದ. ಏಳಲಿಲ್ಲ. ರಿಮೋಟನ್ನು ಅಂಗೈಗೆ ಬಡಿದು ಮತ್ತೆ ಒತ್ತಿದ. ಕಾರಿನ ಒಳಗೆಲ್ಲೋ ಬೆಕ್ಕು ಅತ್ತ ಹಾಗೆ ಸದ್ದಾಗಿ ಅದೂ ನಿಂತಿತು. ಅಷ್ಟರಲ್ಲಿ ಹಿಂದೆ ಆಟೋ, ಬೈಕು, ನೀರಿನ ಟ್ಯಾಂಕರು ಸೇರಿ ಹಾರನ್ ಹೊಡೆಯತೊಡಗಿದವು. ಕಾಫಿ ಮಾಡುವವನು, ಸೆಕ್ಯುರಿಟಿಯವನು, ನನ್ನ ಮಗ ಮೂವರೂ ಬಂಪರ್ ಹಿಡಿದು ಎತ್ತಲು ನೋಡಿದರು. ಕಾರು ಭಕ್ತಿ ಬಿಡಲಿಲ್ಲ.

ಟ್ಯಾಂಕರಿನವನು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ: "ಏನ್ ಗುರೂ, ಹರಕೆನಾ? ದೇವಸ್ಥಾನ ಆ ಕಡೆ!"

೩. ಲೇಡೀಸ್ ಓಡಿಸಿದ್ದು

ಕೊನೆಗೆ ಶಿವಾಜಿನಗರದ ಗುಜರಿಗೇ ಬಂದೆವು. ಹಳೆಯ ವ್ಯಾನೊಂದರ ಮುಂಭಾಗ ಸರಪಳಿಯಲ್ಲಿ ನೇತಾಡುತ್ತಿತ್ತು.

"ಮ್ಯಾಡಮ್, ಕಣ್ ಮುಚ್ಕೊಂಡ್ ತಗೊಳಿ. ಲೇಡೀಸ್ ಓಡಿಸಿದ್ ಗಾಡಿದು" ಎಂದ ಅಂಗಡಿಯವನು.

"ಅದರಲ್ಲೇನು ವಿಶೇಷ?"

"ಏನ್ ಮ್ಯಾಡಮ್ ಹಿಂಗ್ ಕೇಳ್ತೀರ! ಲೇಡೀಸ್ ಹಂಪ್ ನೋಡ್ತಾರೆ, ಗುಂಡಿ ನೋಡ್ತಾರೆ, ಬ್ರೇಕ್ ಮೆತ್ತಗೆ ಒತ್ತುತಾರೆ. ಗಂಡಸ್ರು ಓಡಿಸಿದ್ ಮಾಲ್ ನಾನ್ ಮುಟ್ಟೋದೇ ಇಲ್ಲ."

ಇಷ್ಟು ವರ್ಷದಲ್ಲಿ ಒಬ್ಬ ಗಂಡಸಿನ ಬಾಯಿಂದ ಈ ಮಾತು ಕೇಳಿದ್ದು ಅದೇ ಮೊದಲು. ಚೌಕಾಸಿ ಮಾಡಲು ಮನಸ್ಸೇ ಬರಲಿಲ್ಲ. ಅರ್ಧ ಹಣ ಈಗ, ಮಿಕ್ಕದ್ದು ಕೂಡಿಸಿ ನೋಡಿದ ಮೇಲೆ, ಸರಿಹೋಗದಿದ್ದರೆ ವಾಪಸ್ ಎಂದು ಮಾತಾಯಿತು. ಬಿಲ್ ಬರೆಯುತ್ತಾ ಅವನು ಸುಮ್ಮನೆ ಕೇಳಿದ, "ಮನೇಲಿ ಕಾರ್ ಯಾರ್ ಓಡಿಸ್ತಾರೆ? ಸಾರಾ?"

"ಇಲ್ಲ, ನಾನೇ."

ಪೆನ್ನು ನಿಂತಿತು. ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಹಂಗಾದ್ರೆ ಗ್ಯಾರಂಟಿ ಕೊಡಕ್ಕಾಗಲ್ಲ ಮ್ಯಾಡಮ್."

೪. ಸಮಾಧಾನ

ಮೇಸ್ತ್ರಿ ಹಳೆಯದನ್ನು ಬಿಚ್ಚಿದ. ಹೊಸದು ಕೂರುತ್ತದೋ ಇಲ್ಲವೋ ಎಂದು ಅಳೆಯುತ್ತಿದ್ದ ದಿನಗಳಲ್ಲಿ ಕೆ.ಆರ್. ಪುರದಲ್ಲಿ ನೆಂಟರ ಮನೆಯ ಗೃಹಪ್ರವೇಶ ಬಂತು. ಊಟದ ಪಂಕ್ತಿಯ ಪಕ್ಕದಲ್ಲೇ ನಿಂತು ನನ್ನ ಮಗ ಫೋನಿನಲ್ಲಿ ಜೋರಾಗಿ ಹೇಳಿದನಂತೆ: "ಹಳೇ ಸಸ್ಪೆನ್ಷನ್ ತೆಗೆಸಿಬಿಟ್ಟೆ ಮಗಾ. ಮುಂದಿನ ಸಸ್ಪೆನ್ಷನ್ ಇನ್ನೂ ಫೈನಲ್ ಆಗಿಲ್ಲ."

ಸರ್ಕಾರಿ ನೌಕರನ ಬಾಯಲ್ಲಿ ಈ ಮಾತು. ಕೇಳಿಸಿಕೊಂಡದ್ದು ನನ್ನ ಓರಗಿತ್ತಿ, ಮೈದುನನ ಹೆಂಡತಿ. ಮಾರನೆಯ ದಿನವೇ ಒಂದು ಚಿಪ್ಪು ಬಾಳೆಹಣ್ಣು ಹಿಡಿದು, ಮುಖ ಸಣ್ಣಗೆ ಮಾಡಿಕೊಂಡು ಬಂದಳು. ಕಾಫಿ ಕೊಟ್ಟೆ.

"ಅಕ್ಕಾ, ಸಸ್ಪೆನ್ಷನ್ ವಿಷಯ ಗೊತ್ತಾಯ್ತು."

"ಹೌದು ಕಣೆ. ಎಷ್ಟೋ ವರ್ಷದಿಂದ ಎಳೀತಾನೇ ಇತ್ತು."

"ವರ್ಷದಿಂದಾನಾ! ನಮಗೆ ಒಂದು ಮಾತು ಹೇಳ್ಲಿಲ್ವಲ್ಲ ಅಕ್ಕಾ."

"ಇದನ್ನೆಲ್ಲ ಏನು ಹೇಳ್ಕೊಂಡು ತಿರುಗೋದು? ಈಗಂತೂ ಹಳೇದು ತೆಗೆಸಿ ಆಯ್ತು."

"ದುಡ್ಡು ಕೊಟ್ರಾ?"

"ಬಿಟ್ಟಿ ಯಾರು ಮಾಡ್ತಾರೆ? ಶಿವಾಜಿನಗರದಲ್ಲಿ ಒಬ್ಬ ಇದ್ದಾನೆ. ಅರ್ಧ ಕೊಟ್ಟಿದೀವಿ, ಮಿಕ್ಕಿದ್ದು ಕೆಲಸ ಆದ್ಮೇಲೆ."

"ಭಯ ಆಗಲ್ವಾ ಅಕ್ಕಾ?"

"ಭಯ ಯಾಕೆ? ಎಲ್ಲಾರೂ ಮಾಡಿಸ್ತಾರೆ."

ಅವಳು ಕಾಫಿ ಅರ್ಧಕ್ಕೇ ಬಿಟ್ಟು ಎದ್ದಳು. ಹದಿನೈದು ದಿನದೊಳಗೆ ನಿಗಮಕ್ಕೆ ಸಹಿಯಿಲ್ಲದ ಒಂದು ಅರ್ಜಿ ಹೋಯಿತು: ಸದರಿ ಇಂಜಿನಿಯರರು ತಮ್ಮ ಹಿಂದಿನ ಸಸ್ಪೆನ್ಷನ್ನನ್ನು ಶಿವಾಜಿನಗರದ ದಲ್ಲಾಳಿಗೆ ಲಂಚ ಕೊಟ್ಟು ತೆಗೆಸಿಕೊಂಡಿದ್ದಾರೆ, ಮುಂದಿನದಕ್ಕೂ ಮುಂಗಡ ಕೊಟ್ಟಿದ್ದಾರೆ. ಕೊನೆಯ ಸಾಲು ನನ್ನನ್ನು ಕುರಿತದ್ದು.

"ಈ ವಿಷಯವನ್ನು ಅವರ ತಾಯಿಯವರು ಹೆಮ್ಮೆಯಿಂದ ಒಪ್ಪಿಕೊಂಡಿರುತ್ತಾರೆ."

೫. ಎರಡನೆಯದು

ನಿಗಮ ವಿವರಣೆ ಕೇಳಿತು. ಅದು ಕೆಲಸದ ಸಸ್ಪೆನ್ಷನ್ ಅಲ್ಲ, ತಾಯಿಯ ಕಾರಿನದು ಎಂದು ಮಗ ಬರೆದುಕೊಟ್ಟ. "ಸದರಿ ಸಸ್ಪೆನ್ಷನ್ನಿಗೆ ಸಂಬಂಧಿಸಿದ ದಾಖಲೆ ಲಗತ್ತಿಸಿ" ಎಂದು ಉತ್ತರ ಬಂತು. ಗುಜರಿಯವನ ಬಿಲ್ಲನ್ನು ಲಗತ್ತಿಸಿದ. ಅದರಲ್ಲಿ "ಸೆಕೆಂಡ್ ಹ್ಯಾಂಡ್ ಸಸ್ಪೆನ್ಷನ್, ಒಂದು" ಎಂದಿತ್ತು. ಕಡತ ಮೇಲೆ ಹೋಗಿ ಕೆಳಗೆ ಬಂತು, ಜೊತೆಗೆ ಮತ್ತೊಂದು ಪತ್ರ:

"ಲಗತ್ತಿಸಿದ ದಾಖಲೆಯಿಂದ ಇದು ತಮ್ಮ ಎರಡನೆಯ ಸಸ್ಪೆನ್ಷನ್ ಎಂದು ತಿಳಿದುಬರುತ್ತದೆ. ಮೊದಲನೆಯದನ್ನು ಮುಚ್ಚಿಟ್ಟ ಕಾರಣ ತಿಳಿಸುವುದು."

ನಾನು ನಕ್ಕೆ. ಮಗ ನಗಲಿಲ್ಲ. ಆ ಕಡತ ಇದ್ದ ಮೇಜಿನ ಮೇಲೆಯೇ ಅವನ ಬಡ್ತಿಯ ಪಟ್ಟಿಯೂ ಇತ್ತು. ಅಲ್ಲಿಗೂ ನಿಲ್ಲದೆ, ಕಾರಿನ ಕೆಲಸಕ್ಕೆ ಹಣ ಎಲ್ಲಿಂದ ಬಂತು, ಆಸ್ತಿ ವಿವರದಲ್ಲಿ ಏಕೆ ತೋರಿಸಿಲ್ಲ ಎಂಬ ಪ್ರಶ್ನೆಯೂ ಎದ್ದಿತು. ಹಣ ನಾನು ಬಾಡಿಗೆಗೆ ಕೊಟ್ಟ ಮನೆಯಿಂದ ಬಂದದ್ದು ಎಂದು ರಸೀದಿಗಳನ್ನೆಲ್ಲ ಜೋಡಿಸಿ ಕೊಟ್ಟೆ. ಯಾರೂ ತೆರೆದು ನೋಡಲಿಲ್ಲ.

ಒಂದು ಸಂಜೆ ಮಗ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ.

"ಅಮ್ಮಾ, ಕಾರು ಮನೇಲಿ ಇರೋತನಕ ಈ ಫೈಲ್ ಮುಚ್ಚಲ್ಲ ಅಂತಾರೆ."

"ಯಾರು ಅಂತಾರೆ?"

"ಎಲ್ಲಾರೂ."

"ನೀನು?"

"ನಿನಗೂ ವಯಸ್ಸಾಯ್ತಲ್ಲಮ್ಮ. ಎಲ್ಲಿಗೆ ಓಡಿಸ್ಕೊಂಡು ಹೋಗ್ತೀಯಾ?"

ನಾನು ಹುಳಿಗೆ ಉಪ್ಪು ಹಾಕಿ ಸೌಟು ತಿರುಗಿಸಿದೆ. ಬೇಳೆ ತಳ ಹಿಡಿಯುವ ಹೊತ್ತು ಅದು.

"ಕೊಳ್ಳೋರು ಯಾರಾದ್ರೂ ಇದ್ರೆ ನೋಡು" ಎಂದೆ.

ಬೆನ್ಸನ್ ಟೌನಿನ ಒಬ್ಬರು ಒಪ್ಪಿದರು. ಅಷ್ಟರಲ್ಲಿ ಮೇಸ್ತ್ರಿ ಕೆಲಸ ಮುಗಿಸಿದ್ದ. ಗ್ಯಾರೇಜಿನಿಂದ ಅವರ ಮನೆಯವರೆಗೆ ನಾನೇ ಓಡಿಸುತ್ತೇನೆ ಎಂದೆ, ಯಾರಿಗೂ ಬೇಡವೆನ್ನುವ ಧೈರ್ಯ ಬರಲಿಲ್ಲ. ಮಗ ಪಕ್ಕದಲ್ಲಿ ಕೂತ. ಸ್ಟೀರಿಂಗ್ ಎರಡು ಬೆರಳಿಗೆ ತಿರುಗಿತು. ಎಡಕ್ಕೆ ಎಳೆಯಲಿಲ್ಲ, ಭುಜ ನೋಯಲಿಲ್ಲ, ಹಂಪು ಬಂದದ್ದೇ ತಿಳಿಯಲಿಲ್ಲ. ಮೇಸ್ತ್ರಿ, ಇಂದಿರಾನಗರದ ಹುಡುಗ, ಗುಜರಿಯವನು ಮೂವರೂ ತಮ್ಮ ತಮ್ಮ ಮಟ್ಟಿಗೆ ಬುರುಡೆ ಬಿಟ್ಟಿದ್ದರೂ ನಾವು ಆರಿಸಿದ್ದು ಮಾತ್ರ ಸರಿಯಾದದ್ದನ್ನೇ.

ಕೊಂಡವರು ಗೇಟಿನಲ್ಲೇ ಕಾಯುತ್ತಿದ್ದರು. ನಾನು ಸ್ಟೀರಿಂಗ್ ಹಿಂದಿನಿಂದ ಇಳಿದು ಬಂದು ಕೀಲಿ ಕೊಟ್ಟೆ. ಅವರು ಅದನ್ನು ತೆಗೆದುಕೊಂಡು, ಕಾರಿನೊಳಗೆ ಇಣುಕಿ, ಸುತ್ತಮುತ್ತ ನೋಡಿ, ಬಹಳ ವಿನಯದಿಂದ ಕೇಳಿದರು:

"ಅಮ್ಮಾ, ಡ್ರೈವರ್ ಎಲ್ಲಿ? ಅವರಿಗೆ ಕಾಫಿ ಕೊಡಬೇಕಿತ್ತು."

ಕಡತ ಮುಚ್ಚಿತು. ಮಗನಿಗೆ ಬಡ್ತಿ ಸಿಕ್ಕಿತು. ಲೆಕ್ಕ ಹೀಗಿದೆ. ವ್ಯಾನಿನ ಮುಂಭಾಗಕ್ಕೆ ನಲವತ್ತಾರು ಸಾವಿರ. ಕೂಡಿಸಿದ ಕೂಲಿ ಮೂವತ್ತೆಂಟು ಸಾವಿರ. ಸ್ಟೀರಿಂಗು, ಚಕ್ರ, ಬಣ್ಣ ಸೇರಿ ಒಂದು ಲಕ್ಷ ತೊಂಬತ್ತೊಂದು ಸಾವಿರ. ಕಾರು ಮಾರಿ ಬಂದದ್ದು ಎರಡು ಲಕ್ಷ ಹತ್ತು ಸಾವಿರ. ಬೆನ್ಸನ್ ಟೌನಿನಿಂದ ಹಲಸೂರಿಗೆ ಆಟೋದವನು ಮೀಟರ್ ಹಾಕದೆ ನೂರೈವತ್ತು ಕೇಳಿದ, ಕೊಟ್ಟೆ. ಒಟ್ಟು ನಷ್ಟ ಅರವತ್ತೈದು ಸಾವಿರದ ನೂರೈವತ್ತು ರೂಪಾಯಿ, ಮತ್ತು ಒಂದು ಕಾರು.