ಪೊರೆಗೆ ಔಷಧ

ಸೇಡಂ ಹೈಸ್ಕೂಲಿನ ವಿಜ್ಞಾನದ ಮಾಸ್ತರ ಅಂಬಾರಾಯರನ್ನು ಕೆಡಿಸಿದ್ದು ಒಂದೇ ಒಂದು ಪದ: ಪೊರೆ.

ಅವರಿಗೆ ವರ್ಗವಾಗುವುದೆಂಬ ಗುಸುಗುಸು ಎದ್ದಿತ್ತು. ಹೊಸದಾಗಿ ಸಂಸಾರ ಹೂಡಿದ ಮಾಸ್ತರರಿಗೆ ಊರು ಬಿಡುವ ಮಾತೇ ಬೇಡವಾಗಿತ್ತು. ಅಂದು ಸಂಜೆ ತಪಾಸಣೆಯ ಸಾಹೇಬರ ಮುಂದೆ ಅವರದೊಂದು ಉಪನ್ಯಾಸ. ಜನ ನೆರೆದು ಸಾಹೇಬರು ಮೆಚ್ಚಿದರೆ ಸೇಡಂನಲ್ಲೇ ಉಳಿಗಾಲ. ವಿಷಯವೋ, 'ಜೀವಕೋಶದ ಪೊರೆಯ ರಚನೆ ಮತ್ತು ಕ್ಯಾನ್ಸರ್ ಔಷಧಕ್ಕೆ ಅದರ ಪ್ರತಿರೋಧ'. ಇದನ್ನು ಕೇಳಲು ಯಾವ ಪುಣ್ಯಾತ್ಮ ಬಂದಾನು? ಡಂಗುರದ ಹಣಮಪ್ಪನಿಗೆ ಹೇಳಿಕಳಿಸಿದರು.

ಹಣಮಪ್ಪ ವಿಷಯವನ್ನು ಬಾಯಿಪಾಠ ಮಾಡಿಕೊಂಡು ಹೊರಟ. ಮೊದಲ ಓಣಿಯಲ್ಲಿ ಅರ್ಧ ಉದುರಿತು. ಎರಡನೆಯದರಲ್ಲಿ ಉಳಿದರ್ಧವನ್ನು ತಾನೇ ತಿದ್ದಿಕೊಂಡ.

"ಕೇಳ್ರಪ್ಪೋ ಕೇಳ್ರಿ! ಸಂಜಿಗಿ ಸಾಲ್ಯಾಗ ಪೊರಿಗಿ ಔಷಧ! ಅಂಬಾರಾಯ ಮಾಸ್ತರು ಕೊಡ್ತಾರ!"

ಕಣ್ಣಿಗೆ ಪೊರೆ ಬಂದ ಮುದುಕ ಮುದುಕಿಯರೆಲ್ಲ ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು, ವಾಡಿ ಜಂಕ್ಷನ್ನಿನ ಗೂಡ್ಸ್ ಗಾಡಿಯಂತೆ ಶಾಲೆಯೊಳಗೆ ಬಂದರು. ಸಾಹೇಬರು ಹಿಗ್ಗಿ ಹೀರೇಕಾಯಿಯಾದರು.

"ವಿಜ್ಞಾನಕ್ಕ ಇಷ್ಟು ಮಂದಿ! ಶುರು ಮಾಡ್ರಿ ಮಾಸ್ತರ."

ಮುಂದೆಯೇ ಕುಳಿತಿದ್ದ ಗುಂಡಮ್ಮ ಮುಖ ಮೇಲೆತ್ತಿದಳು. "ಯಪ್ಪಾ ಮಾಸ್ತರ, ಮೊದಲ ನನಗ ಹಾಕು. ಎಡಗಣ್ಣು."

ಡಂಗುರದ ಎಡವಟ್ಟು ಮಾಸ್ತರರಿಗೆ ಆಗ ಹೊಳೆಯಿತು. ನಿಜ ಹೇಳಿದರೆ ಜನ ಸಭೆಯಿಂದ ಏಳುವರು; ಜನ ಎದ್ದರೆ ತಾವು ಊರಿನಿಂದಲೇ ಏಳಬೇಕು.

"ಔಷಧದ ಮಾತಿಗೇ ಬರಾಕತ್ತೀನವ್ವಾ, ಕುಂದ್ರು. ಜೀವಕೋಶ ಅಂದ್ರ ಒಂದು ಮನಿ. ಪೊರಿ ಅದರ ಗ್ವಾಡಿ. ಅದು ಹೆಚ್ಚಾಗಿ ಕೊಬ್ಬಿನಿಂದ ಆಗಿರ್ತದ."

"ಕೊಬ್ಬಿಂದಾ? ಹಂಗಾದ್ರ ನನ್ನ ಸೊಸಿ ಪೂರಾ ಪೊರಿನೇ!"

ಸಭೆ ಗೊಳ್ಳೆಂದಿತು. ಮಾಸ್ತರರು ಬೆವರೊರೆಸಿಕೊಂಡರು.

"ಕ್ಯಾನ್ಸರ್ ಕೋಶ ಭಾಳ ಹಿಕಮತಿದು. ಔಷಧದ ಕಾಟ ಶುರುವಾತಂದ್ರ ಕೊಬ್ಬಿನ ಬೆರಕಿನೇ ಬದಲು ಮಾಡಿ ಗ್ವಾಡಿ ಬಿಗಿ ಮಾಡ್ತದ. ಅಷ್ಟಾದ್ರೂ ಔಷಧ ಒಳಗ ನುಗ್ಗಿದ್ರ, ಗ್ವಾಡ್ಯಾಗಿನ ಕಾವಲುಗಾರರು ಹೊರಗ ದಬ್ಬತಾರ."

"ಛಲೋ ಮಾಡಾಕ ಬಂದವರನ್ನೇ ದಬ್ಬತಾರ?"

"ಹೌದವ್ವಾ."

"ಎಂಥಾ ಹರಾಮಖೋರ ಪೊರಿನೋ ಯಪ್ಪಾ!"

ಮುಂದಿನ ಮಾತಿಗೆ ಔಷಧ ಹೊರಬರುವುದೆಂಬ ಆಸೆಯಲ್ಲಿ ಒಬ್ಬರೂ ಮಿಸುಕಲಿಲ್ಲ. ಕೊನೆಗೆ ಸಾಹೇಬರೇ ಎದ್ದು ಚಪ್ಪಾಳೆ ತಟ್ಟಿದರು.

"ಶಾಬಾಸ್! ಮುದುಕರನ್ನ ಹಿಂಗ ಅಲುಗದಂಗ ಕೂಡಿಸಿದವರನ್ನ ನಾ ಕಂಡಿಲ್ಲ. ಚಿಂಚೋಳಿ ಆಚಿ ಅಡವ್ಯಾಗ ವಯಸ್ಕರ ಸಾಲಿ ತೆಗದೀವಿ, ಒಬ್ಬ ಮುದುಕನೂ ಹಣಿಕಿ ಹಾಕವಲ್ಲ. ಅಲ್ಲಿಗಿ ನಿಮ್ಮಂಥವರೇ ಬೇಕು. ಸೋಮವಾರನೇ ಹೊಂಡ್ರಿ!"

ಅಂಬಾರಾಯರು ಕುರ್ಚಿಯಲ್ಲಿ ಕುಸಿದರು. ಗುಂಡಮ್ಮ ಕೋಲೂರಿ ಹತ್ತಿರ ಬಂದು ಅವರ ತಲೆ ನೇವರಿಸಿದಳು.

"ಈಗ ಪೂರಾ ತಿಳೀತು ನೋಡೋ ಯಪ್ಪಾ. ನೀನೇ ಔಷಧ, ಸೇಡಂ ಊರೇ ಪೊರಿ. ದಬ್ಬೇ ಬಿಡ್ತು."

ಮಾಸ್ತರರ ಕಣ್ಣು ತುಂಬಿತು. ತಮ್ಮ ಪಾಠ ಒಬ್ಬರಿಗಾದರೂ ಹತ್ತಿತಲ್ಲ!

ಅಷ್ಟರಲ್ಲಿ ಮುದುಕಿ ತಲೆ ಹಿಂದಕ್ಕೊಗೆದು ರೆಪ್ಪೆ ಅಗಲಿಸಿ ನಿಂತಿದ್ದಳು.

"ಹ್ಞಾಂ, ಹೋಗೂಕಿಂತ ಮೊದಲ ಎರಡು ಹನಿ ಹಾಕಿ ಹೋಗು."